‘ಮೀಸಲು ದತ್ತಾಂಶ ಕೇಂದ್ರ’, ‘ಮರುಸ್ಥಾಪನೆ’: ಇವು ನಿಲ್ಲುತ್ತವೆಯೇ?

ಪ್ರಶ್ನೆ

ಒಂದು ಸಹಕಾರಿ ಸಂಸ್ಥೆಯ ಸರ್ವರ್ ನಿರ್ವಹಣೆಯ ಕೈಪಿಡಿ ಕನ್ನಡಕ್ಕೆ ಬರಬೇಕಾಗಿದೆ. ಓದುವವರು ರಾತ್ರಿ ಪಾಳಿಯ ಸಿಬ್ಬಂದಿ. ಮುಖ್ಯ ಕೇಂದ್ರ ಬೆಂಗಳೂರಿನಲ್ಲಿದೆ, ಇನ್ನೊಂದು ಹುಬ್ಬಳ್ಳಿಯಲ್ಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್. ‘ಬ್ಯಾಕಪ್ ಡೇಟಾ ಸೆಂಟರ್’ ಎಂಬುದಕ್ಕೆ ಕರಡಿನಲ್ಲಿ ‘ಮೀಸಲು ದತ್ತಾಂಶ ಕೇಂದ್ರ’ ಎಂದು ಹಾಕಿದೆ. ರಿಸ್ಟೋರ್, ರಿಕವರಿ, ಫೇಲ್‌ಬ್ಯಾಕ್ ಮೂರಕ್ಕೂ ‘ಮರುಸ್ಥಾಪನೆ’ ಎಂದೇ ಬಂದಿದೆ. ‘ಅಡ್ಮಿನ್ ಟೂಲ್ಸ್’ಗೆ ‘ಆಡಳಿತ ಪರಿಕರಗಳು’. ಆರ್‌ಟಿಒ (ಎಷ್ಟು ಹೊತ್ತಿನೊಳಗೆ ಕೆಲಸ ಮತ್ತೆ ಶುರುವಾಗಬೇಕು), ಆರ್‌ಪಿಒ (ಎಷ್ಟು ಹೊತ್ತಿನ ದತ್ತಾಂಶ ಹೋದರೆ ಸಹಿಸಬಹುದು) ಹಾಗೇ ಉಳಿದಿವೆ. ಹೊಸ ಪದ ಕಟ್ಟಲೇಬೇಕೆಂಬ ಹಟವಿಲ್ಲ. ಓದಿದವರು ತಪ್ಪು ಕೀಲಿ ಒತ್ತಬಾರದು, ಅಷ್ಟೇ.

ಉತ್ತರ

‘ಮೀಸಲು ದತ್ತಾಂಶ ಕೇಂದ್ರ’ವನ್ನು ಎರಡು ಕಡೆ ಒಡೆಯಬಹುದು. ಮೀಸಲು ದತ್ತಾಂಶದ ಕೇಂದ್ರ ಎಂದರೆ ಟೇಪು, ಡಿಸ್ಕುಗಳಲ್ಲಿ ಪ್ರತಿ ತೆಗೆದಿಟ್ಟ ಉಗ್ರಾಣ. ಮೀಸಲಾದ ದತ್ತಾಂಶ ಕೇಂದ್ರ ಎಂದರೆ ಮುಖ್ಯ ಕೇಂದ್ರ ಬಿದ್ದಾಗ ಅದರ ಹೊರೆಗೆ ಹೆಗಲು ಕೊಡುವ ಇನ್ನೊಂದು ಕೇಂದ್ರ. ಈ ತೊಡಕು ಇಂಗ್ಲಿಷಿನಲ್ಲೇ ಇತ್ತು. ಪದಕ್ಕೆ ಪದ ಇಟ್ಟದ್ದರಿಂದ ಅದೂ ಜತೆಗೇ ಬಂತು. ನಮಗೆ ವಿಭಕ್ತಿ ಪ್ರತ್ಯಯದ ಅನುಕೂಲ ಇದೆಯಲ್ಲ, ಬಳಸಿಕೊಳ್ಳೋಣ: ಮೊದಲನೆಯದು ‘ಪ್ರತಿಗಳ ಉಗ್ರಾಣ’, ಎರಡನೆಯದು ‘ಬದಲಿ ಕೇಂದ್ರ’. ‘ಮೀಸಲು’ ಎಂದೊಡನೆ ನಮ್ಮ ಕಿವಿಗೆ ಮೊದಲು ಬೀಳುವುದು ‘ಬೇರೆಯವರು ಮುಟ್ಟುವಂತಿಲ್ಲ’ ಎಂಬ ಅರ್ಥ: ದೇವರಿಗೆ ಮೀಸಲು, ಮೀಸಲು ಕ್ಷೇತ್ರ. ‘ಮೀಸಲು ಪಡೆ’ಯಲ್ಲಿ ಮಾತ್ರ ನಿಮಗೆ ಬೇಕಾದ ಅರ್ಥ ಇದೆ, ಆದರೆ ಒಂದು ಪಡೆಯ ಬಲದಿಂದ ಇಡೀ ಕೈಪಿಡಿ ನಡೆಸುವುದು ಕಷ್ಟ.

ಬ್ಯಾಕಪ್ ಎಂದರೆ ‘ಎತ್ತಿಟ್ಟ ಪ್ರತಿ’ ಎನ್ನಿ. ಎತ್ತಿಡು ಎಂಬುದು ಮನೆಮನೆಯ ಮಾತು. ಇವತ್ತಿನದನ್ನು ನಾಳೆಗೆ ಕೆಡದಂತೆ ಇಡುವುದು. ಬದಲಿ ಕೇಂದ್ರ ಲಾರಿಯ ಸ್ಟೆಪ್ನಿ ಇದ್ದ ಹಾಗೆ, ಎತ್ತಿಟ್ಟ ಪ್ರತಿ ದಾಖಲೆಯ ಜೆರಾಕ್ಸ್ ಇದ್ದ ಹಾಗೆ. ಜೆರಾಕ್ಸ್ ಕಟ್ಟಿ ಲಾರಿ ಓಡಿಸಲಾಗದು, ಸ್ಟೆಪ್ನಿ ತೋರಿಸಿ ಸಾಲದ ಪತ್ರ ಸಾಬೀತು ಮಾಡಲಾಗದು. ಯಾರೋ ತಪ್ಪಿ ಒಂದು ಕೋಷ್ಟಕ ಅಳಿಸಿದರೆ ಆ ಅಳಿಸುವಿಕೆ ಕೆಲವೇ ಕ್ಷಣದಲ್ಲಿ ಹುಬ್ಬಳ್ಳಿಗೂ ಹೋಗಿ ಅಲ್ಲೂ ಅಳಿಸುತ್ತದೆ. ಆಗ ಉಳಿಸುವುದು ನಿನ್ನೆ ರಾತ್ರಿ ಎತ್ತಿಟ್ಟ ಪ್ರತಿ ಮಾತ್ರ. ಎರಡಕ್ಕೂ ‘ಮೀಸಲು’ ಎಂದು ಬರೆದರೆ ‘ನಮ್ಮಲ್ಲಿ ಮೀಸಲು ಇದೆ’ ಎಂಬ ಧೈರ್ಯದಲ್ಲಿ ಒಂದನ್ನು ಮಾಡದೇ ಬಿಡುತ್ತಾರೆ.

ರೆಪ್ಲಿಕಾಗೆ, ಅಂದರೆ ಬೆಂಗಳೂರಿನದನ್ನು ಹಿಂಬಾಲಿಸುವ ಹುಬ್ಬಳ್ಳಿಯ ಡೇಟಾಬೇಸಿಗೆ, ‘ಪಡಿಯಚ್ಚು’ ಎಂದು ಬಳಸುವ ಆಸೆ ಬರಬಹುದು. ಚೆಂದದ ಪದ, ಆದರೆ ಇಲ್ಲಿ ಸುಳ್ಳು ಹೇಳುತ್ತದೆ. ಗಾಜಿನ ಎಳೆಯಲ್ಲಿ ಬೆಳಕಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 5 ಮೈಕ್ರೊಸೆಕೆಂಡು ಬೇಕು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿ.ಮೀ. ಹೋಗಿ ಬರಲು ಕಡಿಮೆ ಎಂದರೂ 4 ಮಿಲಿಸೆಕೆಂಡು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಇನ್ನೂ ಹೆಚ್ಚು. ಪ್ರತಿ ವಹಿವಾಟೂ ಹುಬ್ಬಳ್ಳಿಯ ‘ತಲುಪಿತು’ ಎಂಬ ಉತ್ತರಕ್ಕೆ ಕಾಯುತ್ತ ಕೂತರೆ ಕೌಂಟರಿನಲ್ಲಿ ಸಾಲು ಬೆಳೆಯುತ್ತದೆಂದು ಇಂಥ ದೂರಕ್ಕೆ ಸಾಮಾನ್ಯವಾಗಿ ಕಾಯದೆ ಕಳಿಸುವ ಏರ್ಪಾಡು ಇರುತ್ತದೆ. ಅಂದರೆ ಹುಬ್ಬಳ್ಳಿ ಸದಾ ಚೂರು ಹಿಂದೆ. ಆ ‘ಲ್ಯಾಗ್’ಗೆ ‘ಬಾಕಿ’ ಎನ್ನಿ. ‘ಬಾಕಿ 8 ಸೆಕೆಂಡು’ ಎಂದರೆ ಸಹಕಾರಿ ಸಂಸ್ಥೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ‘ಮರುಸ್ಥಾಪನೆ’. ನಿಮ್ಮ ಕರಡಿನಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ. ರಿಸ್ಟೋರ್ ಎಂದರೆ ಎತ್ತಿಟ್ಟ ಪ್ರತಿಯನ್ನು ಸರ್ವರಿಗೆ ತುಂಬಿಸುವುದು. ಅಲ್ಲಿ ಈಗಿರುವುದು ಹೋಗುತ್ತದೆ, ಹಳೆಯದು ಬರುತ್ತದೆ. ಫೇಲ್‌ಬ್ಯಾಕ್ ಎಂದರೆ ಹುಬ್ಬಳ್ಳಿಯಲ್ಲಿ ನಡೆಯುತ್ತಿರುವ ಕೆಲಸವನ್ನು, ಈ ನಡುವಿನ ವಹಿವಾಟೂ ಸೇರಿದಂತೆ, ಬೆಂಗಳೂರಿಗೆ ವಾಪಸು ತರುವುದು. ‘ಬೆಂಗಳೂರು ಕೇಂದ್ರವನ್ನು ಮರುಸ್ಥಾಪಿಸಿ’ ಎಂದು ಬರೆದ ಸಾಲನ್ನು ಬೆಳಗಿನ ಜಾವ 3 ಗಂಟೆಗೆ ಓದಿದವರು ಎತ್ತಿಟ್ಟ ಪ್ರತಿ ಹುಡುಕಿ ತುಂಬಿಸಿ, ಜನರನ್ನು ಅಲ್ಲಿಗೆ ತಿರುಗಿಸಿದರೆ? ಹುಬ್ಬಳ್ಳಿಯಲ್ಲಿ ಆ ದಿನ ಕಟ್ಟಿದ ಕಂತುಗಳೆಲ್ಲ ಲೆಕ್ಕದಿಂದ ಮಾಯ. ವೇಳೆಯೂ ಬೇರೆ: 100 ಎಂಬಿಪಿಎಸ್ ಲೈನಿನಲ್ಲಿ ಗಂಟೆಗೆ ಹೆಚ್ಚೆಂದರೆ 45 ಜಿಬಿ ಹರಿಯುತ್ತದೆ, 2 ಟಿಬಿ ತುಂಬಿಸಲು 44 ಗಂಟೆ. ಬದಲಿ ಸರ್ವರನ್ನು ಮುಖ್ಯ ಮಾಡುವುದು ನಿಮಿಷಗಳ ಕೆಲಸ.

ಹೀಗೆ ಬಿಡಿಸಿ: ರಿಸ್ಟೋರ್‌ಗೆ ‘ಪ್ರತಿಯಿಂದ ತುಂಬಿಸು’. ಮುಖ್ಯ ಕೇಂದ್ರ ಬಿದ್ದಾಗಿನ ಫೇಲೋವರ್‌ಗೆ ‘ತುರ್ತು ಬದಲಿ’. ಎರಡೂ ಬದುಕಿದ್ದಾಗ ಯೋಜಿಸಿ ಮಾಡುವ ಸ್ವಿಚೋವರ್‌ಗೆ ‘ಅದಲುಬದಲು’. ಒಂದು ಹನಿ ದತ್ತಾಂಶವೂ ಚೆಲ್ಲದೆ ಇಬ್ಬರೂ ಪಾತ್ರ ಬದಲಿಸಿಕೊಳ್ಳುತ್ತಾರೆ, ಪದವೂ ಅದನ್ನೇ ಹೇಳುತ್ತದೆ. ಫೇಲ್‌ಬ್ಯಾಕ್‌ಗೆ ‘ವಾಪಸು’. ‘ಮರಳು’ ಬೇಡ, ಶೀರ್ಷಿಕೆಯಲ್ಲಿ ಒಂಟಿಯಾಗಿ ನಿಂತರೆ ಲಾರಿ ಲೋಡು ಕಣ್ಣಿಗೆ ಬರುತ್ತದೆ.

ಬದಲಿ ಸರ್ವರನ್ನು ಮುಖ್ಯ ಮಾಡುವ ‘ಪ್ರೊಮೋಟ್’ಗೆ ‘ಬಡ್ತಿ’ಗಿಂತ ‘ಪಟ್ಟ ಕಟ್ಟು’ ಒಳ್ಳೆಯದು. ಬಡ್ತಿ ಹತ್ತು ಜನರಿಗೆ ಒಟ್ಟಿಗೆ ಸಿಗಬಹುದು, ಪಟ್ಟ ಒಬ್ಬರಿಗೇ. ಬೆಂಗಳೂರು ಸತ್ತಿಲ್ಲ, ನಡುವಿನ ಲೈನು ಮಾತ್ರ ಕಡಿದಿದೆ ಎನ್ನಿ. ಆಗ ಹುಬ್ಬಳ್ಳಿಗೆ ಪಟ್ಟ ಕಟ್ಟಿದರೆ ಇಬ್ಬರು ಅರಸರು, ಎರಡು ಲೆಕ್ಕದ ಪುಸ್ತಕ. ಸ್ಪ್ಲಿಟ್ ಬ್ರೇನ್ ಎಂದರೆ ಇದೇ, ‘ಇಬ್ಬರಿಗೆ ಪಟ್ಟ’. ಆಮೇಲೆ ಎರಡನ್ನೂ ಬೆಸೆಯುವ ಯಂತ್ರ ಯಾವುದೂ ಇಲ್ಲ, ಕೂತು ಚೀಟಿ ಚೀಟಿ ತಾಳೆ ನೋಡಬೇಕು.

ಇನ್ನೊಂದು ಉತ್ತರ

ಮೇಲಿನವರ ವಿಂಗಡಣೆ ಸರಿ. ‘ಪಟ್ಟ ಕಟ್ಟು’ ವಿವರಣೆಗೆ ಚೆನ್ನ, ಆದರೆ ಹಂತಗಳ ಸಾಲಿನಲ್ಲಿ ಬರೆಯಬೇಡಿ. ಕೈಪಿಡಿ ಹಿಡಿದವರು ಪರದೆಯಲ್ಲಿ ಹುಡುಕುವುದು ‘ಪಿಜಿ ಪ್ರೊಮೋಟ್’ ಎಂಬ ಹೆಸರನ್ನು. ಆಜ್ಞೆ, ಕಡತ, ಗುಂಡಿ ಇವುಗಳ ಹೆಸರು ಪರದೆಯಲ್ಲಿ ಹೇಗಿದೆಯೋ ಹಾಗೇ ಇರಲಿ. ಕನ್ನಡ ಬೇಕಾದದ್ದು ‘ಯಾವಾಗ, ಯಾವ ಯಂತ್ರದ ಮೇಲೆ, ಏನು ಕಂಡರೆ ನಿಲ್ಲಿಸಬೇಕು’ ಎಂಬಲ್ಲಿ.

ವಾಪಸಿನ ಹಂತಗಳನ್ನೇ ನೋಡಿ. ತುರ್ತು ಬದಲಿ ಆದ ಮೇಲೆ ಹುಬ್ಬಳ್ಳಿಯ ‘ಟೈಮ್‌ಲೈನ್’ (ಡೇಟಾಬೇಸಿನ ಇತಿಹಾಸದ ಕವಲಿಗೆ ಕೊಟ್ಟ ಸಂಖ್ಯೆ) ಒಂದು ಏರುತ್ತದೆ. ಪ್ರತಿ ಬದಲಾವಣೆಯನ್ನೂ ಬರೆದಿಡುವ ‘ವಾಲ್’ ಕಡತದ ಹೆಸರಿನ ಮೊದಲ ಎಂಟು ಅಂಕಿ 00000001 ಇದ್ದದ್ದು 00000002 ಆಗಿರುತ್ತದೆ. ಹಳೆಯ ಬೆಂಗಳೂರಿನಲ್ಲಿ ಇನ್ನೂ 00000001. ಯಾರು ಅರಸರು ಎಂಬ ಗೊಂದಲ ಬಂದರೆ ಮೊದಲು ಈ ಅಂಕಿ ನೋಡಿ. ಬೆಂಗಳೂರನ್ನು ನೇರ ಎಬ್ಬಿಸಿ ಜನರಿಗೆ ಬಿಡಬಾರದು. ‘ಪಿಜಿ ರಿವೈಂಡ್’ ಎಂಬ ಪೋಸ್ಟ್‌ಗ್ರೆಸ್ ಆಜ್ಞೆಯಿಂದ ದಾರಿ ಕವಲೊಡೆದ ಜಾಗಕ್ಕೆ ಹಿಂದೆ ತಂದು, ಹುಬ್ಬಳ್ಳಿಗೆ ಹಿಂಬಾಲಕ ಮಾಡಿ, ಬಾಕಿ ಸೊನ್ನೆಗೆ ಇಳಿದ ಮೇಲೆ ಅದಲುಬದಲು. ರಿವೈಂಡ್ ನಡೆಯಬೇಕಾದರೆ ‘ಡೇಟಾ ಚೆಕ್‌ಸಮ್’ ಅಥವಾ ‘ವಾಲ್ ಲಾಗ್ ಹಿಂಟ್ಸ್’ ಎಂಬ ಸೆಟ್ಟಿಂಗ್ ಮೊದಲೇ ಆನ್ ಆಗಿರಬೇಕು. ಅವಘಡದ ದಿನ ಆನ್ ಮಾಡಿ ಪ್ರಯೋಜನವಿಲ್ಲ. ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಇಡೀ ಡೇಟಾಬೇಸನ್ನು ಹೊಸದಾಗಿ ತರಬೇಕು, ಮತ್ತೆ ಆ 44 ಗಂಟೆ.

ಬದಲಿ ಸರ್ವರ್ ಇನ್ನೂ ಒಯ್ಯದ ವಾಲ್ ಕಡತಗಳನ್ನು ಮುಖ್ಯ ಸರ್ವರ್ ಇಟ್ಟುಕೊಳ್ಳುವಂತೆ ಮಾಡುವ ‘ಸ್ಲಾಟ್’ಗೆ ಕರಡಿನಲ್ಲಿ ಏನಿದೆಯೋ, ‘ಕಾದಿಡುವ ಸ್ಥಳ’ ಎಂದಿದ್ದರೆ ತೆಗೆಯಿರಿ. ಅದು ಸ್ಥಳವಲ್ಲ, ಮಾತು ಕೊಟ್ಟ ಹಾಗೆ: ‘ನೀನು ಒಯ್ಯುವವರೆಗೂ ಬಿಸಾಡುವುದಿಲ್ಲ’. ಹುಬ್ಬಳ್ಳಿ ವಾರಗಟ್ಟಲೆ ಮಲಗಿದರೆ ಬೆಂಗಳೂರು ಆ ಮಾತಿಗೆ ಕಟ್ಟುಬಿದ್ದು 16 ಎಂಬಿಯ ವಾಲ್ ಕಡತಗಳನ್ನು ಪೇರಿಸುತ್ತಲೇ ಹೋಗಿ, ಡಿಸ್ಕ್ ತುಂಬಿ, ತಾನೇ ಬೀಳುತ್ತದೆ. ಬದಲಿ ಕೆಟ್ಟದ್ದಕ್ಕೆ ಮುಖ್ಯವೂ ಕೆಡುವ ದಾರಿ ಇದು. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ‘ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್’ ಎಂಬ ಮಿತಿ ಬಂದಿದೆ, ಆದರೆ ತಾನಾಗಿ ಇರುವ ಬೆಲೆ -1, ಅಂದರೆ ಮಿತಿಯೇ ಇಲ್ಲ.

ಹಲವು ಸರ್ವರುಗಳಿಗೆ ಒಟ್ಟಿಗೆ ಕೆಲಸ ಹೇಳುವ ಆನ್ಸಿಬಲ್ ಬಳಸುತ್ತಿದ್ದರೆ ಅದರ ಇನ್ವೆಂಟರಿಯಲ್ಲಿ, ಅಂದರೆ ಸರ್ವರುಗಳ ಪಟ್ಟಿಯಲ್ಲಿ, ‘ಬ್ಯಾಕಪ್’ ಎಂಬ ಗುಂಪೇ ಇರಬಾರದು. ಹುಬ್ಬಳ್ಳಿಯ ಬದಲಿ ಸರ್ವರುಗಳೂ ಪ್ರತಿಗಳ ಉಗ್ರಾಣದ ಸರ್ವರುಗಳೂ ಆ ಹೆಸರಿನಡಿ ಬಂದರೆ ಹಳೆಯ ಪ್ರತಿ ಅಳಿಸುವ ಪ್ಲೇಬುಕ್ (ಆನ್ಸಿಬಲ್‌ಗೆ ಬರೆದ ಕೆಲಸಗಳ ಪಟ್ಟಿ) ಬದಲಿ ಸರ್ವರಿನ ಮೇಲೂ ಓಡುತ್ತದೆ. ‘ಬದಲಿ-ಹುಬ್ಬಳ್ಳಿ’, ‘ಉಗ್ರಾಣ-ಹುಬ್ಬಳ್ಳಿ’ ಎಂದು ಬೇರೆ ಮಾಡಿ. ಯಾವ ಪ್ಲೇಬುಕ್ಕಿಗೂ ಇಂಥ ಸರ್ವರುಗಳಿಗೆ ಮಾತ್ರ ಎಂಬ ‘ಲಿಮಿಟ್’ ಹಾಕಿ, ಮೊದಲು ಏನನ್ನೂ ಬದಲಿಸದೆ ನೋಡುವ ‘ಚೆಕ್’ ವಿಧಾನದಲ್ಲಿ ಒಮ್ಮೆ ಓಡಿಸಿ. ಗೊತ್ತಾದ ವೇಳೆಗೆ ತಾನಾಗಿ ಓಡುವ ಕ್ರಾನ್ ಕೆಲಸಗಳಿಗೆ ‘ನಾನು ಮುಖ್ಯವೇ?’ ಎಂಬ ಪರೀಕ್ಷೆ ಇರಲಿ. ಇಲ್ಲದಿದ್ದರೆ ಎರಡೂ ಕಡೆಯಿಂದ ಹೊರಟು ಸದಸ್ಯರಿಗೆ ಒಂದೇ ಕಂತಿನ ಎಸ್‌ಎಂಎಸ್ ಎರಡು ಸಲ ಹೋಗುತ್ತದೆ.

ಆರ್‌ಟಿಒ ಎಂದರೆ ಕರ್ನಾಟಕದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿ, ಅದನ್ನು ಬದಲಿಸಲಾಗದು. ‘ಚೇತರಿಕೆ ಗಡುವು’ ಎನ್ನಿ, ಆರ್‌ಪಿಒಗೆ ‘ನಷ್ಟದ ಮಿತಿ’. ಗಡುವು ಎಲ್ಲಿಂದ ಶುರು ಎಂಬುದನ್ನೂ ಬರೆಯಿರಿ. ಷೇರು ವಿನಿಮಯ ಕೇಂದ್ರದಂಥ ಸಂಸ್ಥೆಗಳಿಗೆ ಸೆಬಿ 2021ರ ಮಾರ್ಚ್‌ನಲ್ಲಿ ಹಾಕಿದ ನಿಯಮದಲ್ಲಿ ಎರಡು ಗಡಿಯಾರ ಇವೆ: ಘಟನೆಯಾದ 30 ನಿಮಿಷದೊಳಗೆ ‘ವಿಪತ್ತು’ ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಕೆಲಸ ಶುರುವಾಗಬೇಕು. ನಿಮ್ಮ ಸಂಸ್ಥೆಗೆ ಆ ನಿಯಮ ಅನ್ವಯಿಸದು, ಆದರೆ ಬರೆಯುವ ಬಗೆ ಅದೇ ಇರಲಿ. ‘ಘೋಷಣೆ’ ಯಾರು ಮಾಡುತ್ತಾರೆ ಎಂದು ಹುದ್ದೆಯ ಹೆಸರು ಹಾಕಿ.

‘ಆಡಳಿತ ಪರಿಕರ’ ಎಂದರೆ ಕಡತ ವಿಲೇವಾರಿ ನೆನಪಾಗುತ್ತದೆ. ‘ನಿರ್ವಾಹಕ’ ಎಂದರೆ ಬಸ್ಸಿನ ಕಂಡಕ್ಟರ್, ‘ಚಾಲಕ’ ಎಂದು ಡ್ರೈವರ್ ತಂತ್ರಾಂಶಕ್ಕೂ ಹಾಕಿದರೆ ಪೂರ್ತಿ ಕೆಎಸ್‌ಆರ್‌ಟಿಸಿ. ‘ಸರ್ವರ್ ನಿರ್ವಹಣೆಯ ತಂತ್ರಾಂಶ’ ಸಾಕು, ಮನುಷ್ಯರಿಗೆ ‘ಅಡ್ಮಿನ್’. ಸರ್ವರ್‌ಗೆ ‘ಪರಿಚಾರಕ’ ಬೇಡವೇ ಬೇಡ; ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲಿಗೂ ‘ಸರ್ವರ್ ಇಲ್ಲ’ ಎಂಬ ಕನ್ನಡ ಅರ್ಥವಾಗುತ್ತದೆ.

ಮರುಪ್ರಶ್ನೆ

ರಿಕವರಿಗೆ ಎಲ್ಲ ಕಡೆ ‘ಚೇತರಿಕೆ’ ಎಂದು ಹಾಕಿಬಿಡಬಹುದೇ?

ಉತ್ತರ

ಒಂದು ಕಡೆ ಬಿಟ್ಟು. ಸರ್ವರಿನ ಬಯಾಸ್‌ನಲ್ಲಿ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗುಗಳಲ್ಲಿ) ‘ಎಸಿ ಪವರ್ ರಿಕವರಿ’ ಎಂಬ ಆಯ್ಕೆ ಇರುತ್ತದೆ. ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಏಳಬೇಕೇ ಎಂಬುದು ಅದರ ಅರ್ಥ. ‘ಚೇತರಿಕೆ: ಆಫ್’ ಎಂದು ಬರೆದರೆ ಯಾರಿಗಾದರೂ ತಪ್ಪೆನಿಸಿ ಆನ್ ಮಾಡುತ್ತಾರೆ. ಆನ್ ಇದ್ದರೆ, ಹುಬ್ಬಳ್ಳಿಗೆ ಪಟ್ಟ ಕಟ್ಟಿದ ಎರಡು ಗಂಟೆಗೆ ಬೆಂಗಳೂರಿಗೆ ಕರೆಂಟು ಬಂದು ಹಳೆಯ ಅರಸ ಎದ್ದು ಕೂರುತ್ತಾನೆ. ಅಲ್ಲಿ ‘ಕರೆಂಟು ಬಂದಾಗ ತಾನಾಗಿ ಏಳುವುದು: ಬೇಡ’ ಎಂದು ಬರೆಯಿರಿ. ಅದರ ಕೆಳಗೇ, ದೂರದಿಂದಲೇ ಯಂತ್ರ ನೋಡಿಕೊಳ್ಳುವ ಐಡ್ರಾಕ್ ಅಥವಾ ಐಎಲ್‌ಒ ಮೂಲಕ ಹೋಗಿ ಬೆಂಗಳೂರಿನ ಯಂತ್ರ ಆಫ್ ಆಗಿದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಪ್ರೊಮೋಟ್ ಎಂಬ ಸಾಲು ಇರಲಿ. ಬೆಂಗಳೂರಿಗೆ ಲೈನೇ ಇಲ್ಲದಿದ್ದರೆ ಅಲ್ಲಿನ ಸಿಬ್ಬಂದಿಗೆ ಫೋನು ಮಾಡಿ ಪ್ಲಗ್ ಕೀಳಿಸಬೇಕು. ಆ ಫೋನ್ ನಂಬರು ಕೈಪಿಡಿಯ ಕಾಗದದ ಪ್ರತಿಯಲ್ಲಿರಲಿ, ಬೆಂಗಳೂರಿನ ಸರ್ವರಿನಲ್ಲಲ್ಲ.