ಓದಿದವ್ರೆಲ್ಲಾ ಬಿಟ್ಟು ಹೋದ್ರೂ ರಷ್ಯಾ ನಡೀತಾನೇ ಇದೆಯಲ್ಲ, ಹೇಗೆ?

ಹಾಸನ_ಸೀಮೆ:
ನಮ್ಮ ಟೀಮಿಗೆ ಒಬ್ಬ ರಷ್ಯನ್ ಬಂದಿದಾನೆ, ಕೆಲ್ಸ ಮಾಡೋದು ಸೆರ್ಬಿಯಾದ ಬೆಲ್‌ಗ್ರೇಡಿಂದ. 2022ರ ಸೆಪ್ಟೆಂಬರಲ್ಲಿ ಪುಟಿನ್ ಯುಕ್ರೇನ್ ಯುದ್ಧಕ್ಕೆ ಮೊಬಿಲೈಸೇಷನ್, ಅಂದ್ರೆ ಸಾಮಾನ್ಯ ಜನಾನೂ ಸೈನ್ಯಕ್ಕೆ ಕರೆಯೋದು, ಅಂದ ವಾರವೇ ಒಂದು ಬ್ಯಾಗ್ ಹಿಡ್ಕೊಂಡು ಜಾರ್ಜಿಯಾ ಗಡಿ ದಾಟಿದ್ನಂತೆ, ವೆರ್ಖ್ನಿ ಲಾರ್ಸ್ ಅನ್ನೋ ಗಡಿ ಚೆಕ್‌ಪೋಸ್ಟ್ ಹತ್ರ ಎರಡು ದಿನ ಕಾರಲ್ಲೇ ಮಲಗಿದ್ನಂತೆ. ಅವನ ಬ್ಯಾಚಿನ ಅರ್ಧಕ್ಕರ್ಧ ಜನ ಹೊರಗೇ ಇದಾರೆ ಅಂತಾನೆ. ಇಷ್ಟೆಲ್ಲಾ ಆದ್ರೂ ಆ ದೇಶ ಕುಸೀಲಿಲ್ವಲ್ಲ ಯಾಕೆ? ಮುಂದೆ ಏನಾಗ್ಬೋದು?

ಲೆಕ್ಕದ_ಮೇಷ್ಟ್ರು:
ಹೋದವ್ರು ಕಮ್ಮಿ ಏನಲ್ಲ. ಅಲ್ಲಿನ ಡಿಜಿಟಲ್ ಮಂತ್ರಿ ಶದಾಯೆವ್ ಅವ್ರೇ 2022ರ ಡಿಸೆಂಬರಲ್ಲಿ ಪಾರ್ಲಿಮೆಂಟಲ್ಲಿ ಹೇಳಿದ್ರು, ಐಟಿ ಜನ ಸುಮಾರು 1 ಲಕ್ಷ ಹೊರಗೆ ಹೋಗಿದಾರೆ, ಅಂದ್ರೆ ಹತ್ತರಲ್ಲಿ ಒಬ್ರು. ಆದ್ರೆ ಎಣ್ಣೆ ಗ್ಯಾಸು ಬಾವಿಯಿಂದ ಬರುತ್ತೆ ಗುರು, ಲ್ಯಾಪ್‌ಟಾಪಿಂದಲ್ಲ, ಆ ದುಡ್ಡು ಟ್ಯಾಂಕ್ ಫ್ಯಾಕ್ಟರಿಗೆ ಹೋಗುತ್ತೆ, ಫ್ಯಾಕ್ಟರಿ ಸಂಬಳ ಏರುತ್ತೆ, ಹೊರಗಿಂದ ನೋಡೋರಿಗೆ ಎಲ್ಲಾ ಚೆನ್ನಾಗೇ ಕಾಣುತ್ತೆ. ನಿರುದ್ಯೋಗ 3%ಗಿಂತ ಕೆಳಗೆ ಬಂತು ಅಂತ ಎದೆ ತಟ್ಕೊಳ್ತಾರೆ, ಅದು ಕೆಲ್ಸ ಜಾಸ್ತಿಯಾಗಿದ್ದಕ್ಕಿಂತ ಜನ ಕಮ್ಮಿಯಾಗಿದ್ದು. 2024ರ ಅಕ್ಟೋಬರಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಬಡ್ಡಿ 21% ಮುಟ್ಟಿತ್ತು, ಆ ಬಡ್ಡೀಲಿ ಯಾವನು ಹೊಸ ಕಂಪ್ನಿ ಶುರು ಮಾಡ್ತಾನೆ?

ಕಜಾನ್_ರಿಟರ್ನ್ಡ್:
ನಾನು ಅಲ್ಲೇ ಎಂಬಿಬಿಎಸ್ ಮಾಡಿದ್ದು. ಹೋದವ್ರೆಲ್ಲಾ ಹೋಗೇಬಿಟ್ರು ಅನ್ಕೋಬೇಡಿ, ತುಂಬಾ ಜನ ವಾಪಸ್ ಬಂದಿದಾರೆ. ನನ್ನ ಫ್ರೆಂಡ್ ಒಬ್ಬ ಆರ್ಮೇನಿಯಾದ ಯೆರೆವಾನಲ್ಲಿ ಎಂಟು ತಿಂಗಳು ಇದ್ದ, ಬಾಡಿಗೆ ಡಬಲ್ ಆಯ್ತು, ವೀಸಾ ಮಾಸ್ಟರ್‌ಕಾರ್ಡ್ ಬಂದ್ ಆಗಿ ರಷ್ಯನ್ ಬ್ಯಾಂಕ್ ಕಾರ್ಡು ಹೊರದೇಶದಲ್ಲಿ ಬರೀ ಪ್ಲಾಸ್ಟಿಕ್ಕು, ಊರಲ್ಲಿ ಅಮ್ಮ ಒಬ್ಳೇ. ಇತ್ತ ಸರ್ಕಾರ ಐಟಿಯವ್ರಿಗೆ ಕಮ್ಮಿ ಬಡ್ಡಿ ಮನೆ ಸಾಲ, ಸೈನ್ಯದಿಂದ ವಿನಾಯ್ತಿ ಅಂತ ಆಸೆ ತೋರ್ಸ್ತು. ಬಂದ. ಆದ್ರೆ ಈಗ ಫೋನಲ್ಲಿ ಹವಾಮಾನ ಬಿಟ್ಟು ಬೇರೆ ಏನೂ ಮಾತಾಡಲ್ಲ.

ತಟಗುಣಿ_ರಸ್ತೆ:
ಇದು ಅವ್ರಿಗೆ ಹೊಸದಲ್ಲ. 1922ರಲ್ಲಿ ಲೆನಿನ್ ಸರ್ಕಾರವೇ ತತ್ವಶಾಸ್ತ್ರದ ಪಂಡಿತರನ್ನ ಹಡಗು ಹತ್ತಿಸಿ ಜರ್ಮನಿಗೆ ಕಳಿಸ್ತು. ಹೆಲಿಕಾಪ್ಟರ್ ಮಾಡಿ ಹೆಸರಾದ ಸಿಕೋರ್ಸ್ಕಿ ಕ್ರಾಂತಿ ಆದ್ಮೇಲೆ ಅಮೆರಿಕಕ್ಕೆ ಹೋದ. ನಮ್ಮ ಕನಕಪುರ ರಸ್ತೆ ತಟಗುಣಿ ಎಸ್ಟೇಟಲ್ಲಿ ನಟಿ ದೇವಿಕಾ ರಾಣಿ ಜೊತೆ ಇದ್ದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ ಕೂಡ ಆ ಕಾಲದಲ್ಲೇ ರಷ್ಯಾ ಬಿಟ್ಟ ಮನೆಯ ಮಗ. 2010ರಲ್ಲಿ ಗ್ರಾಫೀನಿಗೆ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ನೊಬೆಲ್ ತಗೊಂಡ ಗೈಮ್, ನೊವೊಸೆಲೊವ್ ಇಬ್ರೂ ಓದಿದ್ದು ಮಾಸ್ಕೋ ಹತ್ರ, ಪ್ರಯೋಗ ಮಾಡಿದ್ದು ಮ್ಯಾಂಚೆಸ್ಟರಲ್ಲಿ.

ಒಂದು ವ್ಯತ್ಯಾಸ ಇದೆ. ಸೋವಿಯತ್ ಕಾಲದಲ್ಲಿ ಹೊರಗೆ ಹೋಗೋಕೇ ಪರ್ಮಿಷನ್ ಬೇಕಿತ್ತು, ಈಗ ಹೆಚ್ಚಿನವ್ರಿಗೆ ಬಾಗಿಲು ತೆರೆದೇ ಇದೆ. ನನಗನ್ಸೋದು ಅದು ಮರೆವಲ್ಲ, ಬೇಕಂತಲೇ. ಬೀದಿಗಿಳಿದು ಕೂಗಬೇಕಾದವ್ನು ಜಾರ್ಜಿಯಾದ ಟಿಬಿಲಿಸಿ ಕೆಫೇಲಿ ಕೂತು ಕಾಫಿ ಕುಡೀತಿದ್ರೆ ಸರ್ಕಾರಕ್ಕೆ ಏನು ತೊಂದ್ರೆ? ಇವತ್ತು ಕುಸೀಲಿಲ್ಲ ಅಂತೀರಲ್ಲ, ಪಾಠ ಹೇಳೋರು ಹೋದ್ರೆ ನಷ್ಟ ಗೊತ್ತಾಗೋದು ಇನ್ನೊಂದು ತಲೆಮಾರಿಗೆ, ಅದೂ ಹುಟ್ಟೋ ಮಕ್ಕಳಿಗಿಂತ ಸಾಯೋರೇ ಜಾಸ್ತಿ ಇರೋ ದೇಶದಲ್ಲಿ.

ಹಾಸನ_ಸೀಮೆ:
ಥ್ಯಾಂಕ್ಸ್ ಎಲ್ರಿಗೂ. ಇವತ್ತು ನಮ್ಮ ಟೀಮಿನ ಆ ರಷ್ಯನ್‌ನನ್ನೇ ಕೇಳ್ದೆ, ಯುದ್ಧ ನಿಂತ್ರೆ ವಾಪಸ್ ಹೋಗ್ತೀಯಾ ಅಂತ. ಮಗಳಿಗೆ ಸೆರ್ಬಿಯನ್ ಸ್ಕೂಲಲ್ಲಿ ಎರಡನೇ ಕ್ಲಾಸು, ಪಾಸ್‌ಪೋರ್ಟ್ ಮುಂದಿನ ವರ್ಷ ಮುಗಿಯುತ್ತೆ, ರಿನ್ಯೂ ಮಾಡ್ಸೋಕೆ ರಷ್ಯನ್ ಎಂಬಸಿ ಮೆಟ್ಲು ಹತ್ತೋದಾ ಬೇಡ್ವಾ ಅನ್ನೋದೇ ಸದ್ಯಕ್ಕೆ ದೊಡ್ಡ ಪ್ರಶ್ನೆ ಅಂದ.