ಅಪ್‌ಡೇಟ್: ಡಲೋನೆಗಾ ನಾಣ್ಯದ ‘ಡಿ’ ಅಸಲಿಯೇ

ಅಮೆರಿಕದ ಜಾರ್ಜಿಯಾ ರಾಜ್ಯದ ಡಲೋನೆಗಾ ಟಂಕಸಾಲೆಯ 1843ರ ಐದು ಡಾಲರ್ ಚಿನ್ನದ ನಾಣ್ಯ ಕೊಂಡು, ಹದ್ದಿನ ಕೆಳಗಿರುವ, ಟಂಕಸಾಲೆಯನ್ನು ಸೂಚಿಸುವ ‘ಡಿ’ ಗುರುತು ನಿಜವೇ ಎಂದು ಇಲ್ಲಿ ಕೇಳಿದ್ದೆ. ಪರೀಕ್ಷೆಗೆ ಕಳುಹಿಸಿದ್ದು ನಿನ್ನೆ ಮರಳಿ ಬಂತು. ಅಸಲಿ! ಮನಸ್ಸು ಹಗುರಾಯಿತು.

ತೂಕ ನೋಡುವ ಸಲಹೆಯಿಂದ ಏನೂ ಇತ್ಯರ್ಥವಾಗಲಿಲ್ಲ. 8.36 ಗ್ರಾಂ ಸರಿಯಾಗಿಯೇ ಇತ್ತು. ಆದರೆ ಗುರುತೇ ಇಲ್ಲದ ಫಿಲಡೆಲ್ಫಿಯಾ ಟಂಕಸಾಲೆಯ ಅಸಲಿ ನಾಣ್ಯಕ್ಕೆ ‘ಡಿ’ ಅಂಟಿಸಿದ್ದರೂ ತೂಕ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಯಸ್ಕಾಂತದ ಕಥೆಯೂ ಅದೇ. ಕೈಹಿಡಿದದ್ದು ಭೂತಗನ್ನಡಿ. ನಾಣ್ಯವನ್ನು ಓರೆ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದೆ. ಅಕ್ಷರದ ಬುಡದಲ್ಲಿ ಬೆಸುಗೆಯ ಗೆರೆಯಾಗಲಿ, ಸುತ್ತ ಕೆರೆದ ಗುರುತಾಗಲಿ ಇರಲಿಲ್ಲ. ಆ ಧೈರ್ಯದಿಂದಲೇ ಪರೀಕ್ಷಾ ಶುಲ್ಕ ಕಟ್ಟಿದೆ. ಹಿಂದೆ ಯಾರೋ ಉಜ್ಜಿ ತೊಳೆದಿದ್ದಾರೆಂಬ ಪರೀಕ್ಷಕರ ಷರಾ ಮಾತ್ರ ನೋಯಿಸಿತು.

ಅಚ್ಚರಿಯ ಸಂಗತಿ ಇನ್ನೊಂದಿದೆ: ಹದ್ದಿನ ಮಸುಕಾದ ಗರಿಗಳನ್ನು ನಾನು ಸವೆತವೆಂದು ತಿಳಿದಿದ್ದೆ. ಅದು ಅಚ್ಚೊತ್ತುವಾಗಲೇ ಆದ ದೌರ್ಬಲ್ಯವಂತೆ, ಡಲೋನೆಗಾದ ನಾಣ್ಯಗಳಲ್ಲಿ ಸಾಮಾನ್ಯ. ಆ ಟಂಕಸಾಲೆ 1838ರಿಂದ 1861ರವರೆಗೆ ಚಿನ್ನವನ್ನಷ್ಟೇ ಟಂಕಿಸಿತು. 1906ರಿಂದ ಕಾಣುವ ‘ಡಿ’ ಡೆನ್ವರ್ ಟಂಕಸಾಲೆಯದು, ಕೊಳ್ಳುವವರು ಇಸವಿಯನ್ನು ಮೊದಲು ನೋಡಿ.

ಭೂತಗನ್ನಡಿ ಹಿಡಿಯಲು ಹೇಳಿದವರಿಗೆ ಮನಸಾರೆ ಧನ್ಯವಾದ.