‘ಕರ್ನಾಟಕ್ ಯೂನಿವರ್ಸಿಟಿ’: ವಿಶ್ವಕೋಶದ ಲೇಖನಕ್ಕೆ ಯಾವ ಹೆಸರು ಸರಿ?

ಪದಗಳ ಬಗ್ಗೆ ಆಸ್ಥೆಯುಳ್ಳ ಎಲ್ಲರಿಗೂ ಕಾರವಾರದಿಂದ ನಮಸ್ಕಾರ.

ಕಳೆದ ವಾರ ಮಾಜಾಳಿಯ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಕೋಡಿಬಾಗದ ನಮ್ಮ ಮನೆಗೆ ಬಂದಳು. ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಬಿಡುವಿನಲ್ಲಿ ಅಂತರ್ಜಾಲದ ಕನ್ನಡ ವಿಶ್ವಕೋಶವೊಂದಕ್ಕೆ ಬರೆಯುತ್ತಾಳೆ. ಈ ಸಲ ಅವಳು ಕೈಗೆತ್ತಿಕೊಂಡದ್ದು ನಮ್ಮ ವಿಶ್ವವಿದ್ಯಾಲಯದ, ಅಂದರೆ ಧಾರವಾಡದ ವಿಶ್ವವಿದ್ಯಾಲಯದ, ಲೇಖನವನ್ನು. ಪರದೆಯ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ‘ಕರ್ನಾಟಕ್ ಯೂನಿವರ್ಸಿಟಿ’ ಎಂದಿತ್ತು. ಕೊನೆಯ ‘ಕ’ಕ್ಕೆ ಅರ್ಧಾಕ್ಷರದ ಕೊಂಡಿ.

“ಮೇಡಂ, ಇದು ತಪ್ಪೆಂದು ಅನಿಸುತ್ತದೆ. ಆದರೆ ನನ್ನ ಅಂಕಪಟ್ಟಿಯ ಇಂಗ್ಲಿಷಿನಲ್ಲೂ ಕೊನೆಯ ‘ಎ’ ಇಲ್ಲವಲ್ಲ?” ಎಂದು ಕೇಳಿದಳು. ಅಂಕಪಟ್ಟಿಯನ್ನೂ ತಂದಿದ್ದಳು. ನಿಜ, ಅಲ್ಲಿ ‘ಎ’ ಇಲ್ಲ.

ತಪ್ಪು ಎಂದು ಹೇಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಏಕೆ ತಪ್ಪು ಎಂದು ವಿವರಿಸಲು ಹೊತ್ತು ಮುಳುಗಿತು. ಆಗಲೂ ಕೆಲವು ಗಂಟುಗಳು ಬಿಚ್ಚಲಿಲ್ಲ. ಅವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಇಂಗ್ಲಿಷಿನ ಆ ಕಾಗುಣಿತ ಮುಂಬಯಿ ಕಡೆಯ ಬರವಣಿಗೆಯ ರೂಢಿ. ಮರಾಠಿ, ಹಿಂದಿಗಳಲ್ಲಿ ಪದದ ಕೊನೆಯ ಅಕಾರವನ್ನು ಉಚ್ಚರಿಸುವುದಿಲ್ಲ. ಹಾಗಾಗಿ ಅವರ ಬಾಯಲ್ಲಿ ಅದು ‘ಕರ್ನಾಟಕ್’, ಇಂಗ್ಲಿಷಿನಲ್ಲಿಯೂ ‘ಎ’ ಉಳಿಯಲಿಲ್ಲ. ಆ ಇಂಗ್ಲಿಷ್ ರೂಪ ಸಂಸ್ಥೆಯ ಅಧಿಕೃತ ಹೆಸರು, ಅದನ್ನು ತಿದ್ದುವ ಹಕ್ಕು ನಮಗಿಲ್ಲ. ಇಂಗ್ಲಿಷ್ ಲೇಖನದಲ್ಲಿ ‘ಎ’ ಸೇರಿಸುವುದು ಎಷ್ಟು ತಪ್ಪೋ ಕನ್ನಡದಲ್ಲಿ ಅಕಾರವನ್ನು ಕತ್ತರಿಸುವುದೂ ಅಷ್ಟೇ ತಪ್ಪು. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿ ಒಂದು ಸ್ವರ ಕಳೆದುಕೊಂಡು, ಕುಂಟುತ್ತ ಮರಳಿ ಕನ್ನಡಕ್ಕೆ ಬಂದರೆ ಅದನ್ನು ನಾವು ಹೇಗೆ ಒಪ್ಪಿಕೊಳ್ಳುವುದು? ನಮ್ಮ ಜಿಲ್ಲೆಯವರಿಗೆ ಈ ಅನುಭವ ಹಳೆಯದು. ‘ಕನ್ನಡ’ ಪರಕೀಯರ ಬಾಯಲ್ಲಿ ‘ಕನರಾ’, ‘ಕೆನರಾ’ ಆಯಿತು. ಆಮೇಲೆ ಕನ್ನಡಿಗರೇ ‘ಉತ್ತರ ಕೆನರಾ’ ಎಂದು ಕನ್ನಡ ಅಕ್ಷರದಲ್ಲಿ ಬರೆದರು. ‘ಉತ್ತರ ಕನ್ನಡ’ ಎಂಬ ಸ್ವಂತ ಹೆಸರು ದಾಖಲೆಗೆ ಮರಳಲು ಎಷ್ಟೋ ಕಾಲ ಹಿಡಿಯಿತು. ‘ಕಾರವಾರ’ವನ್ನು ‘ಕಾರ್ವಾರ್’ ಎಂದೂ ‘ಶಿರಸಿ’ಯನ್ನು ‘ಸಿರ್ಸಿ’ ಎಂದೂ ಬರೆದ ಫಲಕಗಳನ್ನು ಇಂದಿಗೂ ಕಾಣುತ್ತೇವೆ.

ಕಾಗುಣಿತದ ಪೆಟ್ಟು ಬರಿಯ ಭಾಷಾಭಿಮಾನಕ್ಕೆ ತಾಗುವಂಥದ್ದಲ್ಲ. ನನ್ನ ಅಣ್ಣನ ಮಗ ಹೊರರಾಜ್ಯದ ಒಂದು ಕಚೇರಿಗೆ ಅರ್ಜಿ ಹಾಕಿದ್ದ. ಅರ್ಜಿಯಲ್ಲಿ ‘ಎ’ ಇದ್ದ ಹೆಸರು, ಪದವಿಪತ್ರದಲ್ಲಿ ‘ಎ’ ಇಲ್ಲದ ಹೆಸರು. ಎರಡೂ ಒಂದೇ ಸಂಸ್ಥೆ ಎಂಬುದಕ್ಕೆ ಪತ್ರ ತನ್ನಿ ಎಂದು ಕಡತವನ್ನು ಹಿಂದಕ್ಕೆ ಕಳಿಸಿದರು. ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ಹೋಗಿ ಅವನು ಆ ಪತ್ರ ತಂದ. ವಿಶ್ವಕೋಶದ ಲೇಖನವೊಂದು ಮೊದಲ ಸಾಲಿನಲ್ಲೇ ಎರಡೂ ಭಾಷೆಗಳ ಸರಿಯಾದ ರೂಪಗಳನ್ನು ಕೊಟ್ಟರೆ ಅದು ಚಿಕ್ಕ ಉಪಕಾರವಲ್ಲ.

ಲೇಖನದ ಮೊದಲ ವಾಕ್ಯದಲ್ಲಿ ಇನ್ನೊಂದು ಮಾತಿತ್ತು: ‘ರಾಜ್ಯದ ಹೆಸರನ್ನೇ ಇಟ್ಟುಕೊಂಡಿರುವ ವಿಶ್ವವಿದ್ಯಾಲಯ’. ಓದಿ ನನಗೆ ನೋವಾಯಿತು. ಈ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಮುಂಬಯಿ ಸರಕಾರದ ಶಾಸನದಿಂದ. 1950ರ ಮಾರ್ಚ್‌ನಲ್ಲಿ ಅದರ ವಿಧ್ಯುಕ್ತ ಉದ್ಘಾಟನೆ ನಡೆಯಿತು. ಆಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. 1956ರಲ್ಲಿ ನಾವು ಸೇರಿದ್ದು ಮೈಸೂರು ರಾಜ್ಯಕ್ಕೆ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ವಿಶ್ವವಿದ್ಯಾಲಯ ಆ ಹೆಸರು ಹೊತ್ತು 24 ವರ್ಷಗಳಾದ ಮೇಲೆ. ಧಾರವಾಡಕ್ಕೆ ಆ ಹೆಸರು ಇನ್ನೂ ಹಳೆಯದು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರದು, ಕರ್ನಾಟಕ ಕಾಲೇಜು 1917ರದು. 1862ರಲ್ಲಿ ಮದರಾಸಿನಿಂದ ಮುಂಬಯಿ ಆಡಳಿತಕ್ಕೆ ಬಂದ ನಮ್ಮ ಜಿಲ್ಲೆಯವರಿಗಂತೂ ಆ ಪದ ಒಂದು ಬಯಕೆಯಾಗಿತ್ತು. ಹುಡುಗಿ ಆ ವಾಕ್ಯವನ್ನು ಅಳಿಸಿ, ಇಸವಿಗಳನ್ನು ಮಾತ್ರ ಬರೆದಳು. ಅಷ್ಟೇ ಸಾಕಾಯಿತು.

ಇನ್ನು ‘ವಿಶ್ವವಿದ್ಯಾಲಯ’ವೋ ‘ವಿಶ್ವವಿದ್ಯಾನಿಲಯ’ವೋ? ಒಂದು ವಿದ್ಯಾ ಮತ್ತು ಆಲಯ ಸೇರಿದ ಸವರ್ಣದೀರ್ಘ, ಇನ್ನೊಂದು ವಿದ್ಯಾ ಮತ್ತು ನಿಲಯ. ಎರಡಕ್ಕೂ ಮನೆ ಎಂದೇ ಅರ್ಥ, ಎರಡೂ ವ್ಯಾಕರಣಶುದ್ಧ. ಆದರೆ ರೂಢಿ ಬೇರೆ. ಮೈಸೂರಿನವರು ತಮ್ಮದನ್ನು ‘ಮೈಸೂರು ವಿಶ್ವವಿದ್ಯಾನಿಲಯ’ ಎನ್ನುತ್ತಾರೆ, ಧಾರವಾಡದವರು ‘ವಿಶ್ವವಿದ್ಯಾಲಯ’ ಎನ್ನುತ್ತಾರೆ. ನಮ್ಮ ಕಡೆ ಕಾಲೇಜಿಗೆ ‘ಮಹಾವಿದ್ಯಾಲಯ’ ಎಂಬ ಪದ ಗಟ್ಟಿಯಾಗಿ ನಿಂತಿರುವುದರಿಂದ ‘ವಿಶ್ವವಿದ್ಯಾಲಯ’ ಅದರ ಜೊತೆಗೆ ಹೊಂದುತ್ತದೆ. ‘ನಿಲಯ’ ಎಂದರೆ ಇಲ್ಲಿನವರ ಕಿವಿಗೆ ಮೊದಲು ಕೇಳುವುದು ವಿದ್ಯಾರ್ಥಿನಿಲಯ, ಅದು ಬಿಟ್ಟರೆ ಆಕಾಶವಾಣಿಯ ‘ನಿಲಯದ ಕಲಾವಿದರು’. ಲೇಖನಗಳ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರಬೇಕೆಂದು ಕೆಲವು ಸಂಪಾದಕರು ಹಟ ಹಿಡಿದಿದ್ದಾರಂತೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದೊಂದು ಮನೆಯವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದೇ ಆ ಮನೆಯ ಹೆಸರು. ಉಳಿದ ರೂಪಗಳನ್ನು ಹುಡುಕಿದವರೂ ಅದೇ ಪುಟಕ್ಕೆ ಬಂದು ತಲುಪುವಂತೆ ಪುನರ್ನಿರ್ದೇಶನ ಕೊಟ್ಟರೆ ಸಾಕು. ‘ಕರ್ನಾಟಕ್’ ಎಂದು ಬೆರಳಚ್ಚಿಸಿದವರೂ ದಾರಿ ತಪ್ಪಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ‘ಧಾರವಾಡ’. ಹುಡುಗಿ ‘ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ’ ಎಂದು ಹೆಸರಿಡಬೇಕೆನ್ನುತ್ತಾಳೆ, ಕಾಗದಪತ್ರಗಳಲ್ಲಿ ಇರುವುದು ಹಾಗೆಯೇ. ಆದರೆ ಈ ಅಲ್ಪವಿರಾಮ ಲಕೋಟೆಯ ಮೇಲಿನ ವಿಳಾಸದ್ದು. ವಿಳಾಸದಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ: ಮನೆ, ಓಣಿ, ಊರು, ಜಿಲ್ಲೆ. ಕನ್ನಡದ ವಾಕ್ಯ ನಡೆಯುವುದು ಇದಕ್ಕೆ ತಿರುವಾಗಿ, ದೊಡ್ಡದರಿಂದ ಚಿಕ್ಕದಕ್ಕೆ, ಷಷ್ಠಿಯ ಕೈ ಹಿಡಿದು: ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನ ಬನವಾಸಿ. ವಿಳಾಸದ ರೂಪವನ್ನು ಹಾಗೇ ಎತ್ತಿ ವಾಕ್ಯದೊಳಗೆ ಇಟ್ಟಾಗ ಏನಾಗುತ್ತದೆ ನೋಡಿ. ‘ಅವರು ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡದಿಂದ ಎಂ.ಎ. ಪದವಿ ಪಡೆದರು.’ ಪದವಿ ಕೊಟ್ಟದ್ದು ವಿಶ್ವವಿದ್ಯಾಲಯ, ವಿಭಕ್ತಿ ಪ್ರತ್ಯಯ ಹೋಗಿ ಅಂಟಿಕೊಂಡದ್ದು ಊರಿಗೆ. ಇಂಥ ವಾಕ್ಯ ಆ ವಿಶ್ವಕೋಶದ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಬರೆಯುವವರು ಲೇಖನದ ಹೆಸರನ್ನು ಹಾಗೆಯೇ ಅಂಟಿಸಿ ಅದರ ಕೊನೆಗೆ ಪ್ರತ್ಯಯ ಸೇರಿಸುತ್ತಾರೆ. ‘ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ’ ಎಂದರೆ ಎಲ್ಲವೂ ತನ್ನ ತನ್ನ ಜಾಗದಲ್ಲಿ ಕೂರುತ್ತದೆ. ಹೆಸರು ಹೇಗಿರಬೇಕೆಂದು ತೀರ್ಮಾನಿಸುವಾಗ ಅದನ್ನು ಏಳು ವಿಭಕ್ತಿಗಳಲ್ಲೂ ಒಮ್ಮೆ ನುಡಿದು ನೋಡಬೇಕು ಎಂದು ನಾನು ಅವಳಿಗೆ ಹೇಳಿದೆ. ಬಾಗದ ಹೆಸರು ಕನ್ನಡದಲ್ಲಿ ಬಾಳುವುದಿಲ್ಲ.

ಊರಿನ ಹೆಸರಿಲ್ಲದಿದ್ದರೆ ಗೊಂದಲವಾಗುತ್ತದೆ ಎಂಬುದು ಅವಳ ವಾದ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿದೆ, ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಕಲಬುರಗಿಯಲ್ಲಿದೆ, ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ. ಇವುಗಳಲ್ಲೆಲ್ಲ ನಡುವೆ ಒಂದು ವಿಶೇಷಣವಿದೆ ಎಂಬುದನ್ನು ಗಮನಿಸಬೇಕು. ಯಾವ ವಿಶೇಷಣವೂ ಇಲ್ಲದ ‘ಕರ್ನಾಟಕ ವಿಶ್ವವಿದ್ಯಾಲಯ’ ಧಾರವಾಡದ್ದು ಒಂದೇ. ಕರಾವಳಿಯಲ್ಲಿ ‘ಯೂನಿವರ್ಸಿಟಿಗೆ ಹೋಗಿ ಬಂದೆ’ ಎಂದರೆ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಿ ಬಂದೆ ಎಂದೇ ಅರ್ಥ, ಇಲ್ಲೇ ಕೋಡಿಬಾಗದಲ್ಲಿ ಅದೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದ್ದರೂ. (ಅಲ್ಲಿನ ವಿಭಾಗವನ್ನು ಜನ ‘ಕಡಲ ಜೀವಶಾಸ್ತ್ರ’ ಎನ್ನುತ್ತಾರೆ. ‘ಸಾಗರ ಜೀವಶಾಸ್ತ್ರ’ ಎನ್ನದೆ ‘ಕಡಲ’ ಎಂದವರು ಯಾರೋ, ಅವರಿಗೆ ನನ್ನ ವಂದನೆ.) ಆದ್ದರಿಂದ ನನ್ನ ಮತ ಬರಿಯ ‘ಕರ್ನಾಟಕ ವಿಶ್ವವಿದ್ಯಾಲಯ’ದ ಕಡೆಗೆ. ಊರು ಬೇಕೇ ಬೇಕೆಂದರೆ ಆವರಣದಲ್ಲಿ ಇರಲಿ.

ಲೇಖನವನ್ನು ‘ಅಪ್‌ಡೇಟ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ನವೀಕರಣ’ ಎಂದರೆ ನಮಗೆ ಪರವಾನಗಿಯ ನೆನಪಾಗುತ್ತದೆ, ಇಲ್ಲವೇ ಹಳೆಯ ದೇವಸ್ಥಾನದ್ದು. ‘ಪರಿಷ್ಕರಣೆ’ ಹತ್ತಿರವಾಗುತ್ತದೆ, ಆದರೆ ಅದರಲ್ಲಿ ಇದ್ದದ್ದು ಕೆಟ್ಟಿತ್ತು ಎಂಬ ಧ್ವನಿಯಿದೆ. ಇಲ್ಲಿ ಎಲ್ಲವೂ ಕೆಟ್ಟಿರಲಿಲ್ಲ. ವ್ಯಾಪ್ತಿಯ ಬಗ್ಗೆ ಲೇಖನದಲ್ಲಿದ್ದ ಒಂದು ಸಾಲು ಬೆಳಗಾವಿಯನ್ನೂ ಒಳಗೊಂಡಿತ್ತು. ಬರೆದಾಗ ಅದು ಸತ್ಯ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬೇರೆಯಾಯಿತು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು, 2023ರಲ್ಲಿ ಹಾವೇರಿಗೂ ತನ್ನದೇ ವಿಶ್ವವಿದ್ಯಾಲಯವಾಯಿತು. ಹುಡುಗಿ ಹಳೆಯ ಸಾಲನ್ನು ಅಳಿಸಲು ಹೊರಟಿದ್ದಳು. ನಾನು ತಡೆದೆ. ‘ಒಳಗೊಂಡಿದೆ’ ಎಂಬುದನ್ನು ‘2010ರವರೆಗೆ ಒಳಗೊಂಡಿತ್ತು’ ಎಂದು ಮಾಡಿದರೆ ಇತಿಹಾಸವೂ ಉಳಿಯುತ್ತದೆ, ಇಂದಿನ ಸ್ಥಿತಿಯೂ ತಿಳಿಯುತ್ತದೆ. ‘ಪ್ರಸ್ತುತ’, ‘ಸದ್ಯ’, ‘ಇತ್ತೀಚೆಗೆ’ ಎಂಬ ಪದಗಳು ವಿಶ್ವಕೋಶದಲ್ಲಿ ಹಾಲಿನಂತೆ ಬೇಗ ಹುಳಿಯುತ್ತವೆ, ಅವುಗಳ ಜಾಗದಲ್ಲಿ ಇಸವಿ ಇರಬೇಕು. ತಪ್ಪಿದ್ದದ್ದಕ್ಕೆ ‘ತಿದ್ದು’, ಕಾಲ ಕಳೆದದ್ದಕ್ಕೆ ‘ಇಂದಿಗೆ ತರು’ ಎಂದು ಎರಡು ಬೇರೆ ಮಾತುಗಳನ್ನು ಬಳಸಬಹುದೇ?

ಮೊದಲ ವಾಕ್ಯದ ‘ಸಾರ್ವಜನಿಕ ವಿಶ್ವವಿದ್ಯಾಲಯ’ವೂ ನನಗೆ ಹಿಡಿಸಲಿಲ್ಲ. ಹುಡುಗಿ ಅದನ್ನು ಗಟ್ಟಿಯಾಗಿ ಓದಿದಾಗ ನಮ್ಮ 88 ವರ್ಷದ ಅತ್ತೆಯವರು, “ಸಾರ್ವಜನಿಕ ಗಣಪತಿ ಎನ್ನುತ್ತಾರಲ್ಲ, ಹಾಗೆಯೇ? ವರ್ಗಣಿ ಎತ್ತಿ ನಡೆಸುವುದೇ?” ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮಲ್ಲಿ ಸಾರ್ವಜನಿಕ ಎಂದರೆ ಜನರೆಲ್ಲ ಸೇರಿ ನಡೆಸುವುದು, ಇಲ್ಲವೇ ಯಾರು ಬೇಕಾದರೂ ಒಳಗೆ ಬರಬಹುದಾದದ್ದು. ‘ಸರಕಾರಿ’ ಎಂದರೂ ಪೂರ್ತಿ ಹೊಂದುವುದಿಲ್ಲ. ವಿಶ್ವವಿದ್ಯಾಲಯ ಶಾಸನದಿಂದ ಹುಟ್ಟಿದ ಸ್ವಾಯತ್ತ ಸಂಸ್ಥೆ, ಸರಕಾರದ ಇಲಾಖೆಯಲ್ಲ. 2000ದ ಅಧಿನಿಯಮದ ಹೆಸರಿನಲ್ಲೇ ಇರುವ ‘ರಾಜ್ಯ ವಿಶ್ವವಿದ್ಯಾಲಯ’ ನನಗೆ ಸರಿ ಕಾಣುತ್ತದೆ. ಕೇಂದ್ರೀಯ, ಖಾಸಗಿ ಎಂಬ ಪದಗಳ ಪಕ್ಕದಲ್ಲಿ ಅದರ ಅರ್ಥ ಯಾರಿಗೂ ತಪ್ಪುವುದಿಲ್ಲ.

ಪದವಿನಾಮಗಳಲ್ಲಿ ಒಂದು ಎಚ್ಚರ ಬೇಕು. ಹಳೆಯ ಪತ್ರಿಕೆಗಳಲ್ಲಿ ಧಾರವಾಡದ ವಿಶ್ವವಿದ್ಯಾಲಯವನ್ನು ನಡೆಸಿದ ಡಿ.ಸಿ. ಪಾವಟೆಯವರನ್ನೂ, ಮೈಸೂರಿನಲ್ಲಿ ಕುವೆಂಪು ಅವರನ್ನೂ ‘ಉಪಕುಲಪತಿ’ ಎಂದಿರುತ್ತಾರೆ. ಇಂದು ಅದೇ ಹುದ್ದೆಗೆ ‘ಕುಲಪತಿ’ ಎನ್ನುತ್ತೇವೆ, ರಾಜ್ಯಪಾಲರು ‘ಕುಲಾಧಿಪತಿ’. ಹಳೆಯದನ್ನು ಓದಿ, ಇವರು ಎರಡನೆಯ ಸ್ಥಾನದಲ್ಲಿದ್ದರು ಎಂದು ಬರೆದವರಿದ್ದಾರೆ. ‘ಘಟಿಕೋತ್ಸವ’ವನ್ನು ಮಾತ್ರ ಯಾರೂ ಕೆಡಿಸಿಲ್ಲ. ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಓದಲು ಹೋಗಿ, ಅಲ್ಲಿ ಅವಮಾನಿತನಾಗಿ, ಬನವಾಸಿಯ ಕದಂಬರ ರಾಜ್ಯ ಕಟ್ಟಿದ ಮಯೂರಶರ್ಮನ ನೆನಪು ನಮ್ಮ ಜಿಲ್ಲೆಯವರಿಗೆ ಆ ಒಂದು ಪದದಲ್ಲಿ ಬರುತ್ತದೆ.

ಈಗ ಕೇಳಬೇಕಾದದ್ದು. ಊರಿನ ಹೆಸರನ್ನು ಆವರಣದಲ್ಲಿ ಕೊಡುವುದೋ, ಅಲ್ಪವಿರಾಮದ ನಂತರವೋ, ಬಿಟ್ಟೇಬಿಡುವುದೋ? ‘ಇಂದಿಗೆ ತರು’ ಎಂಬುದಕ್ಕಿಂತ ಚೊಕ್ಕವಾದ ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯೇ? ಮತ್ತೊಂದು ವಿನಂತಿ. 1950ರ, 60ರ ದಶಕಗಳಲ್ಲಿ ಧಾರವಾಡದಲ್ಲಿ ಓದಿದವರು ನಿಮ್ಮ ಮನೆಯಲ್ಲಿ ಇದ್ದರೆ, ಅವರ ಪೆಟ್ಟಿಗೆಯಲ್ಲಿ ಆ ಕಾಲದ ಆಮಂತ್ರಣವೋ ಪ್ರಮಾಣಪತ್ರವೋ ಇದ್ದರೆ, ‘ಅರಿವೇ ಗುರು’ ಎಂಬ ಧ್ಯೇಯವಾಕ್ಯದ ಆಸುಪಾಸಿನಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಕನ್ನಡದಲ್ಲಿ ಹೇಗೆ ಅಚ್ಚು ಹಾಕಿದ್ದಾರೆಂದು ದಯವಿಟ್ಟು ನೋಡಿ. ಅಕ್ಷರ, ವಿರಾಮಚಿಹ್ನೆ ಯಾವುದನ್ನೂ ತಿದ್ದದೆ, ಇದ್ದದ್ದನ್ನು ಇದ್ದಂತೆ ಬರೆದು ತಿಳಿಸಿ. ಅಲ್ಲಿಯವರೆಗೆ ಹೆಸರು ಬದಲಿಸಬೇಡ ಎಂದು ಹುಡುಗಿಗೆ ಹೇಳಿದ್ದೇನೆ, ಆ ಅರ್ಧಾಕ್ಷರದ ಕೊಂಡಿಯೊಂದನ್ನು ಬಿಟ್ಟು. ಅದನ್ನು ಅವಳು ಅಂದೇ, ನನ್ನೆದುರಿನಲ್ಲೇ, ತೆಗೆದಳು.